ಲೇಬಲ್ ಕಿತ್ತ ಬಾಟಲಿಗಳು

ನಾನು ಬೆಳೆದ ಮನೆಯಲ್ಲಿ ಯಾವ ಬಾಟಲಿಗೂ ಲೇಬಲ್ ಇರಲಿಲ್ಲ. ಅಡುಗೆಮನೆಯ ಗೂಡಿನಲ್ಲಿ, ಬಚ್ಚಲಿನ ಕಟ್ಟೆಯ ಮೇಲೆ, ದೇವರ ಕೋಣೆಯ ಕಿಟಕಿಯಲ್ಲಿ ಬೋಳು ಬಾಟಲಿಗಳು ಸಾಲಾಗಿ ನಿಂತಿರುತ್ತಿದ್ದವು. ತಲೆಗೆ ಹಚ್ಚುವ ಎಣ್ಣೆ ಯಾವುದು, ದೀಪದ ಎಣ್ಣೆ ಯಾವುದು, ಫಿನಾಯಿಲ್ ಯಾವುದು, ಜ್ವರದ ಸಿರಪ್ ಯಾವುದು ಎಂದು ನಮಗೆ ಅವು ಇರುವ ಜಾಗದಿಂದಲೇ ಗೊತ್ತಾಗುತ್ತಿತ್ತು. ಮುಚ್ಚಳಗಳೂ ಅಷ್ಟೇ, ಯಾವುದು ಕೈಗೆ ಸಿಕ್ಕಿತೋ ಅದು. ಗಲಿಬಿಲಿಯಾಗುತ್ತಿದ್ದದ್ದು ನೆಂಟರಿಗೆ ಮಾತ್ರ. ಕಾರ್ಕಳದ ಹತ್ತಿರ ಕುಕ್ಕುಂದೂರಿನಲ್ಲಿ ನನ್ನ ತಾಯಿಯ ತವರು. ಅಲ್ಲಿಂದ ಬಂದ ಸೋದರಮಾವ ಒಮ್ಮೆ ತಲೆಗೆ ಎಣ್ಣೆಯೆಂದು ಗಂಟುನೋವಿನ ತೈಲ ತಿಕ್ಕಿಕೊಂಡು, ಊಟದ ಹೊತ್ತಿನವರೆಗೂ ಕಣ್ಣುರಿ ಎಂದು ಬಾವಿಕಟ್ಟೆಯಲ್ಲಿ ಕುಳಿತು ಮುಖಕ್ಕೆ ನೀರು ಎರಚಿಕೊಳ್ಳುತ್ತಿದ್ದರು. ಆ ಕತೆಯನ್ನು ನಾವು ವರ್ಷಗಟ್ಟಲೆ ಹೇಳಿಕೊಂಡು ನಕ್ಕೆವು. ಮುಂದೆ ಬರಲಿದ್ದದ್ದು ಒಮ್ಮೆ ಬಂದು ಮುಖ ತೋರಿಸಿ ಹೋಗಿತ್ತು. ನಾವು ಅದಕ್ಕೆ ಚಹಾ ಕೊಟ್ಟು ಕಳಿಸಿದೆವು.

ಲೇಬಲ್‌ಗಳೆಲ್ಲ ಹೋಗಿ ಸೇರುತ್ತಿದ್ದದ್ದು ನಮ್ಮ ನೋಟುಪುಸ್ತಕಗಳಿಗೆ. ಅಪ್ಪ ಕಾಪುವಿನ ಒಂದು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಶಂಕರಪುರದ ನಮ್ಮ ಮನೆಯಿಂದ ದಿನವೂ ಬಸ್ಸಿನಲ್ಲಿ ಹೋಗಿಬರುವುದು. ಇಂಗ್ಲಿಷ್ ಎಂದರೆ ಪಠ್ಯಪುಸ್ತಕದ ಒಳಗೆ ಮಾತ್ರ ಇರುವ ವಸ್ತು ಎಂದು ಮಕ್ಕಳು ತಿಳಿದಿದ್ದಾರೆ, ಆದರೆ ಅದು ಪೇಟೆ ತುಂಬ ಚೆಲ್ಲಿಕೊಂಡು ಬಿದ್ದಿದೆ ಎಂಬುದು ಅವರ ವಾದ. ಎಲ್ಲೋ ಕಂಡು ಬಂದಿದ್ದ ಅಕ್ಷರದಾಟವೊಂದನ್ನು ಅವರು ಮನೆಯಲ್ಲೇ ತಯಾರಿಸಿದರು. ಪ್ಲೈವುಡ್ ಹಲಗೆಯ ಮೇಲೆ ಸ್ಕೇಲಿಟ್ಟು ಚೌಕ ಎಳೆದರು. ಹಲಸಿನ ಮರದ ಚೂರುಗಳನ್ನು ಬಡಗಿಯಿಂದ ಒಂದೇ ಅಳತೆಗೆ ಕೊಯ್ಯಿಸಿ, ಒಂದೊಂದರ ಮೇಲೆ ಒಂದೊಂದು ಇಂಗ್ಲಿಷ್ ಅಕ್ಷರವನ್ನೂ ಅದರ ಅಂಕವನ್ನೂ ಬರೆದರು. ಒಬ್ಬೊಬ್ಬರಿಗೆ ಏಳು ಅಕ್ಷರ. ಹಲಗೆಯ ಮೇಲೆ ಆಗಲೇ ಇರುವ ಪದಕ್ಕೆ ತಾಗಿಸಿ ಹೊಸ ಪದ ಕಟ್ಟಬೇಕು. ಇಷ್ಟು ಎಲ್ಲ ಕಡೆಯೂ ಇರುವ ಆಟ. ಅಪ್ಪ ಅದಕ್ಕೆ ತಮ್ಮದೊಂದು ನಿಯಮ ಸೇರಿಸಿದರು. ನಿಘಂಟಿನಿಂದ ಕಲಿತ ಪದಕ್ಕೆ ಅದರ ಅಂಕ ಮಾತ್ರ. ಊರಿನಲ್ಲಿ ಎಲ್ಲಾದರೂ ಅಚ್ಚಾದದ್ದನ್ನು ನಾವೇ ಕಂಡು ಹೆಕ್ಕಿ ತಂದ ಪದವಾದರೆ ಇಪ್ಪತ್ತು ಅಂಕ ಜಾಸ್ತಿ. ಆದರೆ ಬಾಯಿಮಾತು ನಡೆಯದು. ಅಚ್ಚಾದ ಕಾಗದವನ್ನೇ ತಂದು ನೋಟುಪುಸ್ತಕದಲ್ಲಿ ಅಂಟಿಸಿರಬೇಕು. ಯಾರಾದರೂ ಕೇಳರಿಯದ ಪದ ಇಟ್ಟರೆ ಅಪ್ಪ ಹಲಗೆಯ ಮೇಲಿಂದ ಬಲಗೈ ಚಾಚಿ ಹೇಳುತ್ತಿದ್ದದ್ದು ಒಂದೇ ಮಾತು.

"ಕಾಗದ ತೋರಿಸು."

ಹಾಗಾಗಿ ನಮ್ಮ ಮನೆಗೆ ಬಂದ ಯಾವ ಪೊಟ್ಟಣವೂ ಬಾಟಲಿಯೂ ತನ್ನ ಹೆಸರು ಉಳಿಸಿಕೊಳ್ಳಲಿಲ್ಲ. ಚಹಾದ ಪೊಟ್ಟಣದಿಂದ ನಾನು ‘ಪೆಕೋ’ ಕತ್ತರಿಸಿದೆ. ಅಕ್ಕ ರೂಪಾ ನನಗಿಂತ ಆರು ವರ್ಷ ದೊಡ್ಡವಳು, ಉಡುಪಿಯಲ್ಲಿ ಪಿಯುಸಿ ಓದುತ್ತಿದ್ದಳು, ಅವಳ ಬೇಟೆಯ ಕಾಡು ದೊಡ್ಡದು. ರಸ್ತೆಬದಿಯಲ್ಲಿ ಅಂಗಡಿ ಇಟ್ಟಿದ್ದ ಹಸನಾಕ ಹತ್ತಾರು ವರ್ಷ ಗಲ್ಫಿನಲ್ಲಿದ್ದು ಬಂದವರು. ಅವರ ಮನೆಗೆ ಬಂದ ಖರ್ಜೂರದ ಡಬ್ಬಿಯ ಸುತ್ತ ಇದ್ದ ಪತ್ರಿಕೆಯ ಹಾಳೆಯಿಂದ ಅವಳು ‘ಸೂಕ್’ ತಂದಳು. ಕ್ಯೂ ಅಕ್ಷರದಲ್ಲಿ ಮುಗಿಯುವ ಪದ ಅದು. ಅದನ್ನು ಇಟ್ಟ ದಿನ ಅಪ್ಪ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ಉಚ್ಚಿಲದ ಗೆಳತಿಯ ಮನೆಯ ದೋಣಿಯ ದಿಕ್ಸೂಚಿಯ ಜೊತೆ ಬಂದಿದ್ದ ಕಾಗದದಿಂದ ‘ಗಿಂಬಲ್’. ಅರ್ಥ ಏನು ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳುತ್ತಿದ್ದದ್ದು ಗಿರಿಜತ್ತೆ ಒಬ್ಬಳೇ.

ಗಿರಿಜತ್ತೆ ಅಪ್ಪನ ಅಕ್ಕ. ಮದುವೆಯಾಗಿರಲಿಲ್ಲ. ಮನೆಯ ಹಿಂದಿನ ಮಲ್ಲಿಗೆ ಗಿಡಗಳಷ್ಟೂ ಅವಳವು. ಬೆಳಿಗ್ಗೆ ಮೊಗ್ಗು ಕೊಯ್ದು, ಜಗಲಿಯಲ್ಲಿ ಕುಳಿತು ಬಾಳೆನಾರಿನಲ್ಲಿ ಕಟ್ಟಿ, ಹತ್ತು ಗಂಟೆಯೊಳಗೆ ಹೂವು ಕೊಳ್ಳುವವರ ಕಟ್ಟೆಗೆ ತಲುಪಿಸುವವರೆಗೆ ಅವಳ ಹತ್ತಿರ ಯಾರೂ ಸುಳಿಯುವಂತಿರಲಿಲ್ಲ. ಕನ್ನಡ ಓದುತ್ತಿದ್ದಳು, ಇಂಗ್ಲಿಷ್ ಬಾರದು. ಭಾನುವಾರ ಊಟವಾದ ಮೇಲೆ ನಾವು ಮೂವರು ಚಾವಡಿಯ ನೆಲದ ಮೇಲೆ ಹಲಗೆ ಹರಡಿಕೊಂಡರೆ, ಅವಳು ಬಾಗಿಲ ದಾರಂದಕ್ಕೆ ಒರಗಿ ನಿಂತು ನೋಡುತ್ತಿದ್ದಳು.

"ಎಂತ ವಾಸು ಅದು ಈಗ ಇಟ್ಟದ್ದು? ಅರ್ಥ ಎಂತ ಅದಕ್ಕೆ?"

"ಅರ್ಥ ಆಮೇಲೆ ಬರ್ತದೆ ಅಕ್ಕ. ಮೊದ್ಲು ಪದ ಮನೆಗೆ ಬರ್ಲಿ."

"ಅರ್ಥ ಇಲ್ಲದ್ದನ್ನು ಕಲಿಸ್ಲಿಕ್ಕೆ ಸರ್ಕಾರ ನಿನಗೆ ಸಂಬಳ ಬೇರೆ ಕೊಡ್ತದೆ! ಪುಣ್ಯ ಮಾಡಿದ್ದೀ ಮಾರಾಯ."

ಮನೆಯ ಹಿಂದೆ ಹಳೆಯ ಹಟ್ಟಿಯೊಂದಿತ್ತು. ಹಸುಗಳು ಹೋಗಿ ವರ್ಷಗಳಾಗಿದ್ದವು. ಅಲ್ಲಿ ಅವಳು ಗೊಬ್ಬರದ ಚೀಲ, ಪಂಪು ಮತ್ತು ಗಿಡಗಳಿಗೆ ಹೊಡೆಯುವ ವಿಷದ ಬಾಟಲಿ ಇಡುತ್ತಿದ್ದಳು. ನಮ್ಮ ಕಡೆ ಅದನ್ನೂ ಮದ್ದು ಎಂದೇ ಕರೆಯುವುದು, ಹೂವಿನ ಮದ್ದು. ಮದ್ದು ಹೊಡೆಯುವ ಸಂಜೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ನಮ್ಮನ್ನೆಲ್ಲ ಒಳಗೆ ಹಾಕಿ ಬಾಗಿಲೆಳೆದು, ಮುಗಿದ ಮೇಲೆ ಸಾಬೂನಿನಿಂದ ಮೂರು ಸಲ ಕೈ ತೊಳೆದು ಒಳಗೆ ಬರುತ್ತಿದ್ದಳು. ನಮ್ಮ ಮನೆಯಲ್ಲಿ ಅವಳಷ್ಟು ಎಚ್ಚರದ ಮನುಷ್ಯರು ಇನ್ನೊಬ್ಬರಿರಲಿಲ್ಲ. "ಹಟ್ಟಿಯೊಳಗೆ ಕಾಲಿಟ್ರೆ ಆ ಕಾಲು ಮುರಿದು ಕೈಯಲ್ಲಿ ಕೊಡ್ತೇನೆ" ಎಂದು ನನಗೆ ಹೇಳಿಟ್ಟಿದ್ದಳು. ಮನೆಯಲ್ಲಿ ಲೇಬಲ್ ಉಳಿದಿದ್ದ ಬಾಟಲಿ ಅದೊಂದೇ. ಯಾಕೆಂದರೆ ಅದು ಹಟ್ಟಿಯಲ್ಲಿತ್ತು.

ಆ ಬೇಸಿಗೆಯಲ್ಲಿ ಮನೆಯಲ್ಲಿ ಒಂದು ಜಗಳ ನಡೆಯಿತು. ಹೆಣ್ಣುಮಕ್ಕಳಿಬ್ಬರಿಗೆ ಓದಲು ಒಂದು ಕೋಣೆ ಬೇಕೆಂದು, ಹಿತ್ತಲ ಗೋಡೆಗೆ ತಾಗಿದ ಒಂದು ಸಾಲು ಮಲ್ಲಿಗೆ ಕಿತ್ತು ಅಲ್ಲಿ ಗೋಡೆ ಎಬ್ಬಿಸುವ ಯೋಚನೆ ಅಪ್ಪನದು. ಅತ್ತೆ ಅಂಗಳದಲ್ಲಿ ನಿಂತು ಬೇಲಿಯಾಚೆಗೂ ಕೇಳುವ ಹಾಗೆ ಕೂಗಿದಳು.

"ಆ ಸಾಲು ಕಿತ್ತ ದಿನ ಈ ಮನೆಯಲ್ಲಿ ನಾನೂ ಇಲ್ಲ ಅಂತ ತಿಳ್ಕೋ!"

ಬೇಲಿಯಾಚೆ ಲಿಲ್ಲಿಬಾಯಿ ಬಟ್ಟೆ ಒಣಗಿಸುತ್ತಿದ್ದರು. ಅವರು ಅತ್ತೆಯ ಜೊತೆ ಹೂವು ಕಟ್ಟುವವರು, ಅವಳ ವಯಸ್ಸಿನವರೇ. ಕೈಯಲ್ಲಿದ್ದ ಸೀರೆಯನ್ನು ಹಗ್ಗದ ಮೇಲೆ ಹಾಕಲು ಮರೆತು ನಿಂತದ್ದನ್ನು ನಾನು ನೋಡಿದೆ. ಎರಡು ದಿನಕ್ಕೆ ಅಕ್ಕ-ತಮ್ಮ ಮತ್ತೆ ಮಾತಾಡಿದರು, ಸಾಲನ್ನು ಯಾರೂ ಕೀಳಲಿಲ್ಲ. ಆದರೆ ಆ ಕೂಗು ಲಿಲ್ಲಿಬಾಯಿಯ ಹತ್ತಿರ ಹಾಗೇ ಉಳಿಯಿತು.

ಅದೇ ವಾರದ ಭಾನುವಾರ ರೂಪಕ್ಕ ನನ್ನನ್ನು ಎಂದಿಗಿಂತ ಹೆಚ್ಚು ಅಂಕಗಳಿಂದ ಸೋಲಿಸಿದಳು. ನನಗೆ ಹನ್ನೊಂದು ವರ್ಷ. ಒಂದೇ ಒಂದು ಭಾನುವಾರವೂ ನಾನು ಗೆದ್ದಿರಲಿಲ್ಲ.

"ನಿನ್ನ ಪುಸ್ತಕದಲ್ಲಿ ಸಾಬೂನು, ಬಿಸ್ಕಿಟ್ ಬಿಟ್ರೆ ಎಂತ ಉಂಟು ಶೈಲಾ? ಮುಂದಿನ ವಾರ ಟೂತ್‌ಪೇಸ್ಟ್ ತಾ."

ಅಪ್ಪನೂ ನಕ್ಕರು. ಆ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ನಾನು ಆ ವಾರವಿಡೀ ಅದನ್ನು ಕಿವಿಯಲ್ಲಿಟ್ಟುಕೊಂಡು ತಿರುಗಿದೆ. ಮನೆಯ ಪ್ರತಿ ಡಬ್ಬಿಯನ್ನೂ ಮೂಸಿ ನೋಡಿಯಾಗಿತ್ತು. ಉಳಿದದ್ದು ಹಟ್ಟಿ.

ಶುಕ್ರವಾರ ಸಂಜೆ ಅಮ್ಮ ಮತ್ತು ರೂಪಕ್ಕ ಕುಕ್ಕುಂದೂರಿಗೆ ಹೋದರು, ಅಲ್ಲಿ ಅಜ್ಜಿಗೆ ಹುಷಾರಿರಲಿಲ್ಲ. ನನಗೆ ಪರೀಕ್ಷೆ ಮುಗಿದು ರಜೆ. ಶನಿವಾರ ಅಪ್ಪ ಉತ್ತರಪತ್ರಿಕೆ ತಿದ್ದಲು ಕಾಪುವಿಗೆ ಹೋದರು. ಅತ್ತೆ ಜಗಲಿಯಲ್ಲಿ ಕುಳಿತು ಹೂವು ಕಟ್ಟುತ್ತಿದ್ದಾಗ ನಾನು ಹಟ್ಟಿಯ ಚಿಲಕ ತೆಗೆದೆ. ಕಂದು ಬಣ್ಣದ ಬಾಟಲಿ, ಕೆಂಪು ಮುಚ್ಚಳ. ಲೇಬಲ್ಲಿನ ಮೇಲೆ ತಲೆಬುರುಡೆ, ಅದರ ಕೆಳಗೆ ಕೆಂಪು ತ್ರಿಕೋನ, ಕನ್ನಡವೂ ಸೇರಿ ಎಷ್ಟೋ ಭಾಷೆಗಳಲ್ಲಿ ‘ವಿಷ’. ಅದನ್ನು ನಾನು ಓದಿದೆ. ಓದಲಿಲ್ಲ ಎಂದು ಹೇಳಲಾರೆ. ಆದರೆ ನನ್ನ ಕಣ್ಣು ನಿಂತದ್ದು ಅದರ ಕೆಳಗಿನ ಸಣ್ಣ ಅಕ್ಷರಗಳ ಮೇಲೆ. ಅಲ್ಲಿ ನಾನು ಎಂದೂ ನೋಡದ ಪದಗಳು ಇರುವೆ ಸಾಲಿನ ಹಾಗೆ ಹೋಗುತ್ತಿದ್ದವು. ಅವುಗಳಲ್ಲಿ ಒಂದು ‘ಅಟ್ರೋಪಿನ್’. ಎಂಟು ಅಕ್ಷರ, ಎಂಟೂ ನಮ್ಮ ಚೀಲದಲ್ಲಿ ಬೇಕಾದಷ್ಟು ಇರುವಂಥವು. ಏಳು ನನ್ನ ಕೈಯಲ್ಲಿದ್ದು ಒಂದು ಹಲಗೆಯ ಮೇಲಿದ್ದರೆ ರೂಪಕ್ಕ ಮುಗಿದಳು ಎಂದು ಲೆಕ್ಕ ಹಾಕುತ್ತ ನಾನು ಬಾಟಲಿಯನ್ನು ಲಂಗದಲ್ಲಿ ಸುತ್ತಿಕೊಂಡು ಬಚ್ಚಲಿಗೆ ಬಂದೆ.

ಬಚ್ಚಲ ಬಕೆಟ್ಟಿನಲ್ಲಿ ಆಗಲೇ ಒಂದು ಬಾಟಲಿ ನೆನೆಯುತ್ತಿತ್ತು. ಅತ್ತೆ ಮಧ್ಯಾಹ್ನ ಊಟದ ಮೇಲೆ ಕುಡಿಯುವ ಆಯುರ್ವೇದದ ಅರಿಷ್ಟದ್ದು, ಹೊಸದಾಗಿ ತಂದದ್ದು. ಅದೂ ಕಂದು, ಹೆಚ್ಚುಕಡಿಮೆ ಅದೇ ಗಾತ್ರ. ಬೆಳಿಗ್ಗೆ ನಾನು ಕೇಳಿದಾಗ ಅವಳೇ ಕೊಟ್ಟಿದ್ದಳು. "ತಕೋ, ಅದರ ಚೀಟಿ ನನಗೆಂತಕ್ಕೆ? ಮಧ್ಯಾಹ್ನದೊಳಗೆ ಬಾಟಲಿ ಗೂಡಿನಲ್ಲಿ ಇರ್ಬೇಕು ಆಯ್ತಾ." ಅದರ ಅಂಟು ಗಟ್ಟಿಯಿತ್ತು, ಬಿಟ್ಟಿರಲಿಲ್ಲ. ಮದ್ದಿನ ಬಾಟಲಿಯ ಲೇಬಲ್ ಮಾತ್ರ ಬಿಸಿನೀರು ತಾಗಿದ್ದೇ ಇಡಿಯಾಗಿ ಕೈಗೆ ಬಂತು. ಒರೆಸಿ, ಕೋಣೆಗೆ ಓಡಿ, ಪುಸ್ತಕದಲ್ಲಿ ಅಂಟಿಸಿ, ಪುಸ್ತಕವನ್ನು ಎಂದಿನಂತೆ ದಿಂಬಿನ ಚೀಲದೊಳಗೆ ತುರುಕಿದೆ. ಬೋಳಾದ ಬಾಟಲಿ ಬಚ್ಚಲ ಕಟ್ಟೆಯ ಮೇಲೆ ಇತ್ತು. ಅದನ್ನು ಹಟ್ಟಿಗೆ ಮುಟ್ಟಿಸಬೇಕು ಎನ್ನುವಷ್ಟರಲ್ಲಿ ಅತ್ತೆಯ ಕೂಗು ಬಂತು.

"ಶೈಲಾ! ಹೊತ್ತಾಯ್ತು, ಈ ಹೂವು ಕಟ್ಟೆಗೆ ಕೊಟ್ಟು ಬಾ. ಓಡು!"

ನಾನು ಓಡಿದೆ. ಹೂವಿನ ಕಟ್ಟೆಯಲ್ಲಿ ಜನವಿತ್ತು, ಊಟದ ಹೊತ್ತಿನವರೆಗೂ ಕಾಯಬೇಕಾಯಿತು. ಆ ಹೊತ್ತಿನಲ್ಲಿ ಅತ್ತೆ ಸ್ನಾನಕ್ಕೆಂದು ಬಚ್ಚಲಿಗೆ ಹೋಗಿದ್ದಾಳೆ. ಬಕೆಟ್ಟಿನ ಸಾಬೂನು ನೊರೆಯ ಅಡಿಯಲ್ಲಿ ಮುಳುಗಿದ್ದ ಅರಿಷ್ಟದ ಬಾಟಲಿ ಅವಳಿಗೆ ಕಂಡಿಲ್ಲ. ಬಚ್ಚಲ ಕಟ್ಟೆಯ ಮೇಲೆ ಲೇಬಲ್ ಕಿತ್ತ ಕಂದು ಬಾಟಲಿ ಕಂಡಿದೆ. ಹುಡುಗಿಯ ಕೆಲಸ ಮುಗಿಯಿತು, ಗೂಡಿನಲ್ಲಿಡಲು ಮರೆತಿದ್ದಾಳೆ ಎಂದುಕೊಂಡು ತಾನೇ ಒಯ್ದು ಇಟ್ಟಿದ್ದಾಳೆ. ಬೇರೆ ಯಾವ ಮನೆಯಲ್ಲಾದರೂ ಲೇಬಲ್ ಇಲ್ಲದ ಬಾಟಲಿ ಕಂಡರೆ ಯಾರೇ ಆದರೂ ಒಮ್ಮೆ ನಿಲ್ಲುತ್ತಾರೆ. ನಮ್ಮ ಮನೆಯಲ್ಲಿ ಹಾಗೆ ನಿಲ್ಲುವುದನ್ನು ನಾವೇ ಎಲ್ಲರಿಗೂ ಮರೆಸಿದ್ದೆವು.

ನಾನು ಬಂದಾಗ ಅವಳು ಗಂಜಿ ಬಡಿಸುತ್ತಿದ್ದಳು. ಹುರುಳಿ ಚಟ್ನಿ, ಮಿಡಿ ಉಪ್ಪಿನಕಾಯಿ. ಎರಡು ದಿನದಿಂದ ಅವಳಿಗೆ ನೆಗಡಿ.

"ಮೂಗು ಕಟ್ಟಿ ಉಪ್ಪಿನಕಾಯಿಗೂ ರುಚಿ ಇಲ್ಲ ಮಾರಾಯ್ತಿ. ನೀನಾದ್ರೂ ಸರಿ ಉಣ್ಣು."

ಉಂಡು ನಾನು ಚಾವಡಿಗೆ ಹೋಗಿ ಹಲಗೆ ಬಿಡಿಸಿದೆ. ಮರುದಿನದ ಅಭ್ಯಾಸ. ಬಾಟಲಿಯ ನೆನಪಿತ್ತು. ಅತ್ತೆ ಮಲಗಿದ ಮೇಲೆ ಹಟ್ಟಿಗೆ ಒಯ್ಯೋಣ ಎಂದುಕೊಂಡಿದ್ದೆ. ನಾನು ಕುಳಿತಲ್ಲಿಂದ ಅಡುಗೆಮನೆಯ ಬಾಗಿಲು ನೇರ ಕಾಣುತ್ತಿತ್ತು. ಅವಳು ಕೈ ಎತ್ತಿ ಗೂಡಿನಿಂದ ಬಾಟಲಿ ತೆಗೆದಳು. ಮುಚ್ಚಳ ತಿರುಗಿಸಿದಳು. ಮುಚ್ಚಳ ಕೆಂಪಾಗಿತ್ತು.

ಇಲ್ಲಿಗೆ ಬಂದು ನಾನು ಪ್ರತಿ ಸಲ ನಿಲ್ಲುತ್ತೇನೆ. ಈಗ ಮಣಿಪಾಲದ ಫ್ಲ್ಯಾಟಿನಲ್ಲಿ ಕುಳಿತು ಬರೆಯುವಾಗಲೂ, ಬಸ್ಸಿನಲ್ಲಿ ಪಕ್ಕದವರು ಫೋನಿನಲ್ಲಿ ಅಕ್ಷರ ಜೋಡಿಸುವ ಆಟ ಆಡುವುದನ್ನು ಕಂಡಾಗಲೂ, ಆ ಬಾಗಿಲು, ಆ ಕೈ, ಆ ಮುಚ್ಚಳ. ಅವಳು ಲೋಟಕ್ಕೆ ಬಗ್ಗಿಸಿದಳು, ಸ್ವಲ್ಪ ನೀರು ಬೆರೆಸಿದಳು. ಎರಡು ಉಸಿರಿನಷ್ಟು ಹೊತ್ತು. "ಅತ್ತೆ, ತಾಳು" ಎನ್ನಲು ಒಂದು ಉಸಿರು ಸಾಕಿತ್ತು. ಆ ಮಾತು ಬಾಯಿಗೆ ಬಂದಿತ್ತು. ಅದಕ್ಕಿಂತ ಮೊದಲು ಹಟ್ಟಿಗೆ ಹೋದದ್ದು ಗೊತ್ತಾಗುತ್ತದೆ ಎಂಬ ಹೆದರಿಕೆ ಬಂತು. ಅದರ ಹಿಂದೆಯೇ ಸಮಾಧಾನವೂ ಬಂತು: ನಮ್ಮಲ್ಲಿ ಯಾವ ಮುಚ್ಚಳ ಯಾವುದಕ್ಕೂ ಇರುತ್ತದೆ, ಇದು ಅರಿಷ್ಟವೇ ಇರಬಹುದು. ಅತ್ತೆ ಅರಿಷ್ಟ ಕುಡಿಯುವುದು ಉಸಿರು ಬಿಗಿಹಿಡಿದು, ಒಂದೇ ಸಲಕ್ಕೆ. ಹಾಗೆಯೇ ಎತ್ತಿದಳು. ಅರ್ಧ ಒಳಗೆ ಹೋಯಿತು, ಅರ್ಧವನ್ನು ಉಗುಳಿದಳು.

"ಥೂ! ಇದೆಂತ ಇದು, ಗಂಟ್ಲು ಉರೀತದೆ. ಹಾಳಾಯ್ತಾ ಹೇಗೆ ಈ ಅರಿಷ್ಟ?"

ನಾನು ಬಚ್ಚಲಿಗೆ ಓಡಿದೆ. ಕಟ್ಟೆ ಖಾಲಿ. ಬಕೆಟ್ಟಿನೊಳಗೆ ಕೈ ಹಾಕಿದೆ. ಅಡಿಯಲ್ಲಿ ಅರಿಷ್ಟದ ಬಾಟಲಿ ತಣ್ಣಗೆ ಮಲಗಿತ್ತು. ಮೊಣಕೈವರೆಗೆ ನೀರಿನಲ್ಲಿ ಮುಳುಗಿಸಿಕೊಂಡು ನಾನು ಎಷ್ಟು ಹೊತ್ತು ಹಾಗೇ ಬಗ್ಗಿದ್ದೆನೋ ತಿಳಿಯದು. ಹಿಂತಿರುಗಿ ಬಂದು ಅತ್ತೆಗೆ ಹೇಳಿದ್ದು ಇಷ್ಟೇ.

"ಅತ್ತೆ, ನೀರು ಕುಡಿ. ತುಂಬಾ ಕುಡಿ."

"ಎಂತ ಇವತ್ತು ಇಷ್ಟು ಪ್ರೀತಿ? ಎಂತ ಒಡೆದು ಹಾಕಿದ್ದೀ, ಹೇಳು."

ನಗುತ್ತಲೇ ಹೇಳಿದಳು. ನಕ್ಕ ತುಟಿಯ ಅಂಚಿನಿಂದ ಜೊಲ್ಲು ಇಳಿಯಿತು, ಅದು ಅವಳಿಗೆ ಗೊತ್ತಾಗಲಿಲ್ಲ. ಆಮೇಲೆ ಹಣೆಯಲ್ಲಿ ಬೆವರು. ಆಮೇಲೆ ವಾಂತಿ. ಗೋಡೆ ಹಿಡಿದು ಚಾವಡಿಯ ಬೆಂಚಿನವರೆಗೆ ಬಂದು ಕುಳಿತಳು, ಅವಳ ಕೆನ್ನೆಯ ಮಾಂಸ ತನ್ನಷ್ಟಕ್ಕೆ ಅದುರುತ್ತಿತ್ತು. "ಕಣ್ಣು ಮಂಜಾಗ್ತದೆ ಶೈಲಾ" ಎಂದಳು. ನಾನು ರಸ್ತೆಗೆ ಓಡಿದೆ.

ಹಸನಾಕ ಅಂಗಡಿಯನ್ನು ಹಾಗೇ ಬಿಟ್ಟು ಬಂದರು. ಲಿಲ್ಲಿಬಾಯಿ ಬೇಲಿ ದಾಟಿ ಬಂದರು. ಹಸನಾಕ ಲೋಟ ಎತ್ತಿ ಮೂಸಿದರು.

"ಎಂತ ಕುಡಿದದ್ದು ಮಗಳೇ ಇವರು?"

"ಅರಿಷ್ಟ."

"ಇದು ಅರಿಷ್ಟ ಅಲ್ಲ. ಇದು ಹೂವಿನ ಮದ್ದು. ಬಾಟಲಿ ತಾ, ಬೇಗ!"

ಲಿಲ್ಲಿಬಾಯಿ ಅತ್ತೆಯ ತಲೆಯನ್ನು ತೋಳಿನಲ್ಲಿ ಹಿಡಿದು ಅಳತೊಡಗಿದರು. "ಅಯ್ಯೋ ಗಿರಿಜಾ, ಎಂತ ಮಾಡ್ಕೊಂಡೆ ನೀನು? ಒಂದು ಸಾಲು ಗಿಡಕ್ಕೆ ಜೀವ ಕೊಡುದಾ?" ಅತ್ತೆ ತಲೆ ಅಲ್ಲಾಡಿಸಿದಳು. ಮಾತು ಹೊರಡಲಿಲ್ಲ. ಅವಳನ್ನು ಹಸನಾಕನ ಓಮ್ನಿಗೆ ಹತ್ತಿಸುವಾಗ ನಾನು ಒಳಗೆ ಓಡಿಹೋಗಿ ದಿಂಬಿನೊಳಗಿಂದ ನೋಟುಪುಸ್ತಕ ಎಳೆದು ಅಂಗಿಯ ಒಳಗೆ ಸಿಕ್ಕಿಸಿಕೊಂಡೆ. ಕೊಡಲಿಕ್ಕೋ, ಯಾರಿಗೂ ಸಿಗದ ಹಾಗೆ ಮಾಡಲಿಕ್ಕೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಮಣಿಪಾಲದವರೆಗೆ ನಾನು ಮುಂದಿನ ಸೀಟಿನಲ್ಲಿ ಬಾಟಲಿ ಹಿಡಿದುಕೊಂಡು ಕುಳಿತಿದ್ದೆ. ಕಟಪಾಡಿ, ಹೆದ್ದಾರಿ, ಉದ್ಯಾವರದ ಸೇತುವೆ, ಉಡುಪಿ, ಆಮೇಲೆ ಆ ಏರು. ಹಿಂದಿನ ಸೀಟಿನಿಂದ ಒಂದು ಗೊರಗೊರ ಸದ್ದು ಬರುತ್ತಿತ್ತು. ಅದು ನಿಂತಾಗಲೆಲ್ಲ ಹಸನಾಕ ಕನ್ನಡಿ ನೋಡುತ್ತಿದ್ದರು, ಮತ್ತೆ ಶುರುವಾದಾಗ ಏನೋ ದುವಾ ಹೇಳಿಕೊಳ್ಳುತ್ತಿದ್ದರು. ಹೊಟ್ಟೆಗೆ ಒತ್ತಿದ ಪುಸ್ತಕದ ಅಂಟು ಇನ್ನೂ ಒಣಗಿರಲಿಲ್ಲ, ಹಾಳೆ ಚರ್ಮಕ್ಕೆ ಹಿಡಿದುಕೊಳ್ಳುತ್ತಿತ್ತು.

ಆಸ್ಪತ್ರೆಯಲ್ಲಿ ಅವಳನ್ನು ಗಾಲಿ ಮಂಚದ ಮೇಲೆ ಹಾಕಿ ಪರದೆಯ ಆಚೆ ಒಯ್ದರು. ಎಳೆವಯಸ್ಸಿನ ಡಾಕ್ಟರು ಒಬ್ಬರು ಹೊರಗೆ ಬಂದು ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದರು.

"ಇದಕ್ಕೆ ಲೇಬಲ್ ಇಲ್ವಾ? ಯಾವ ಮದ್ದು ಇದು? ಹೆಸರು ಬೇಕು ನಮಗೆ. ಎಲ್ಲ ಮದ್ದೂ ಒಂದೇ ಅಲ್ಲ."

ಹಸನಾಕನಿಗೆ ತಿಳಿಯದು. ಲಿಲ್ಲಿಬಾಯಿ ತಮ್ಮ ಗಿಡಕ್ಕೆ ಹೊಡೆಯುವುದರ ಹೆಸರು ಹೇಳಿದರು, ಇವರದ್ದು ಅದೇ ಎಂದು ಗೊತ್ತಿಲ್ಲ ಎಂದರು. ಡಾಕ್ಟರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಗೋಡೆಯ ಗಡಿಯಾರದ ಕೆಳಗೆ ನಿಂತು, ಈಗ ಹೇಳುತ್ತೇನೆ, ಈ ಸಲ ಪರದೆ ಅಲುಗಾಡಿದರೆ ಹೇಳುತ್ತೇನೆ ಎಂದುಕೊಳ್ಳುತ್ತ ಇಪ್ಪತ್ತು ನಿಮಿಷ ಕಳೆದೆ. ಪರದೆ ಎಷ್ಟೋ ಸಲ ಅಲುಗಾಡಿತು.

ಅಪ್ಪ ಬಂದರು. ಹಸನಾಕ ಅಂಗಡಿಯ ಫೋನಿನಿಂದ ಶಾಲೆಗೆ ತಿಳಿಸುವಂತೆ ತಮ್ಮನಿಗೆ ಹೇಳಿ ಬಂದಿದ್ದರು. ಉತ್ತರಪತ್ರಿಕೆಯ ಕೆಂಪು ಶಾಯಿ ಅಪ್ಪನ ಬೆರಳುಗಳಲ್ಲಿ ಹಾಗೇ ಇತ್ತು. ಅವರು ಮೊದಲು ನೋಡಿದ್ದು ಮೇಜಿನ ಮೇಲಿದ್ದ ಬಾಟಲಿಯನ್ನು. ಆ ಬಾಟಲಿ ಯಾಕೆ ಬೋಳಾಗಿದೆ ಎಂದು ಆ ಇಡೀ ಆಸ್ಪತ್ರೆಯಲ್ಲಿ ಅರ್ಥವಾಗುವುದು ಅವರೊಬ್ಬರಿಗೇ. ಅರ್ಥವಾದದ್ದು ಅವರ ಮುಖದಲ್ಲಿ ಕಂಡಿತು. ನನ್ನ ಎದುರು ಬಂದು ಮೊಣಕಾಲೂರಿ ಕುಳಿತು, ಬಲಗೈ ಚಾಚಿದರು. ಧ್ವನಿ ಏರಿಸಲಿಲ್ಲ.

"ಕಾಗದ ತೋರಿಸು."

ನಾನು ಅಂಗಿಯೊಳಗಿಂದ ಪುಸ್ತಕ ತೆಗೆದುಕೊಟ್ಟೆ. ಡಾಕ್ಟರು ಆ ಹಾಳೆ ನೋಡಿ ಒಂದು ಕ್ಷಣ ನನ್ನನ್ನು ನೋಡಿ, ಪುಸ್ತಕ ಸಮೇತ ಪರದೆಯೊಳಗೆ ಹೋದರು. ಒಳಗಿನಿಂದ ಅವರು ಓದುತ್ತಿದ್ದದ್ದು ಕೇಳಿಸಿತು. ನಾನು ಅಂಕ ಲೆಕ್ಕ ಹಾಕಿದ್ದ ಪದಗಳನ್ನು ಒಬ್ಬ ಮನುಷ್ಯ ಅರ್ಥ ತಿಳಿದು ಓದಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಟ್ರೋಪಿನ್ ಎಂದರೆ ವಿಷವಲ್ಲ. ಅದು ಆ ವಿಷಕ್ಕೆ ಕೊಡುವ ಔಷಧಿ. ಅವಳ ಕಣ್ಣಿನ ಪಾಪೆ ಸೂಜಿಮೊನೆಯಷ್ಟಾದದ್ದನ್ನು ನೋಡಿಯೇ ಅದನ್ನು ಶುರು ಮಾಡಿದ್ದರು ಎಂದು ಆಮೇಲೆ ತಿಳಿಯಿತು. ಲೇಬಲ್ ಸಿಕ್ಕಿದ ಮೇಲೆ ಅವರ ಅನುಮಾನ ಹೋಯಿತು, ಇನ್ನೂ ಏನೇನೋ ಸೇರಿಸಿದರು. ನನ್ನ ಇಪ್ಪತ್ತು ನಿಮಿಷದಿಂದ ಎಷ್ಟು ಕೆಟ್ಟಿತು, ಎಷ್ಟು ಕೆಡಲಿಲ್ಲ ಎಂದು ನಾನು ಯಾರನ್ನೂ ಕೇಳಿಲ್ಲ. ಈಗ ಪರಿಚಯದ ಡಾಕ್ಟರುಗಳು ಇದ್ದಾರೆ. ಈಗಲೂ ಕೇಳಿಲ್ಲ.

ಅತ್ತೆ ಆರು ದಿನ ಯಂತ್ರದ ಸಹಾಯದಲ್ಲಿ ಉಸಿರಾಡಿದಳು. ಎರಡನೆಯ ದಿನ ಸತ್ತಳೆಂದೇ ಅಂದುಕೊಂಡೆವು. ಅಮ್ಮ ಮತ್ತು ರೂಪಕ್ಕ ಕುಕ್ಕುಂದೂರಿನಿಂದ ಬಂದವರು ನನ್ನನ್ನು ಏನೂ ಕೇಳಲಿಲ್ಲ, ಹಾಗೆ ಕೇಳದಿರುವಂತೆ ಅಪ್ಪ ಹೇಳಿರಬೇಕು. ಗಂಟಲಿನ ಕೊಳವೆ ತೆಗೆದ ಮರುದಿನ ನನ್ನನ್ನು ಒಳಗೆ ಬಿಟ್ಟರು. ಅವಳ ದನಿ ಒಡೆದು ಹೋಗಿತ್ತು.

"ಬಕೆಟ್ಟಿನಲ್ಲಿ ಇನ್ನೊಂದು ಇತ್ತಾ?"

"ಇತ್ತು."

"ಹ್ಞಾಂ" ಎಂದು ಕಣ್ಣು ಮುಚ್ಚಿದಳು. ಆ ವಿಷಯವಾಗಿ ಅವಳು ನನ್ನೊಡನೆ ಆಡಿದ ಮಾತು ಜೀವಮಾನದಲ್ಲಿ ಅಷ್ಟೇ.

ಅದೇ ದಿನ ಮಧ್ಯಾಹ್ನ ಪೊಲೀಸಿನವರೊಬ್ಬರು ಹೇಳಿಕೆ ಬರೆದುಕೊಳ್ಳಲು ಬಂದರು. ವಿಷದ ವಿಷಯವಾದರೆ ಆಸ್ಪತ್ರೆಯವರು ತಿಳಿಸಲೇಬೇಕಂತೆ. ಅಪ್ಪ ಕಿಟಕಿಯ ಹತ್ತಿರ, ನಾನು ಮಂಚದ ಕಾಲ ಬುಡದಲ್ಲಿ.

"ಬಾಟಲಿ ಅಡುಗೆಮನೆಗೆ ಹೇಗೆ ಬಂತಮ್ಮ?"

"ನಾನೇ ತಂದಿಟ್ಟದ್ದು."

"ಅದರ ಲೇಬಲ್ ಯಾರು ಕಿತ್ತದ್ದು?"

ನಾನು ಬಾಯಿ ತೆರೆದೆ. ಅತ್ತೆ ನನ್ನ ಕಡೆ ನೋಡಲೇ ಇಲ್ಲ.

"ನಾನೇ."

"ಯಾಕೆ?"

"ಸುಮ್ನೆ."

"ಸುಮ್ನೆ ಯಾರಾದ್ರೂ ಮದ್ದಿನ ಬಾಟಲಿಯ ಲೇಬಲ್ ಕೀಳ್ತಾರಾ?"

"ನಾನು ಕೀಳ್ತೇನೆ. ನನಗೆ ಇಂಗ್ಲಿಷ್ ಬರುದಿಲ್ಲ ಅಲ್ವಾ. ಅದು ಇದ್ರೆಂತ, ಇಲ್ಲದಿದ್ರೆಂತ?"

ಅವರು ಪೆನ್ನು ಎತ್ತಿ ಅಪ್ಪನನ್ನು ನೋಡಿದರು. ಮನೆಯಲ್ಲಿ ಜಗಳ ಏನಾದರೂ ಇತ್ತೇ ಎಂದು ಕೇಳಿದರು. ಅಪ್ಪ ಇಲ್ಲ ಎಂದರು. ಉಳಿದದ್ದನ್ನೂ ಅವರು ಹೇಳಬಹುದಿತ್ತು. ಹೇಳಿದರೆ ಅದು ಎಲ್ಲಿಂದ ಶುರುವಾಗಬೇಕು ಎಂದು ಅವರಿಗೆ ಗೊತ್ತಿತ್ತು. ಕಿಟಕಿಯ ಸರಳು ಹಿಡಿದುಕೊಂಡು ಹೊರಗೆ ನೋಡಿದರು. ಪೊಲೀಸಿನವರು ತಪ್ಪಿ ಕುಡಿದದ್ದು ಎಂದು ಬರೆದುಕೊಂಡರು, ಆದರೆ ಬರೆಯುವಾಗ ಅವರ ಮುಖ ಅದನ್ನು ನಂಬಿರಲಿಲ್ಲ. ಶಂಕರಪುರದಲ್ಲಿಯೂ ಯಾರೂ ನಂಬಲಿಲ್ಲ. ತಪ್ಪಿ ಕುಡಿಯುವವಳು ಮೊದಲೇ ಲೇಬಲ್ ಕಿತ್ತಿಡುತ್ತಾಳೆಯೇ? ನನ್ನನ್ನು ಉಳಿಸಲು ಅವಳು ಹೇಳಿದ ಸುಳ್ಳೇ ಅವಳ ಮೇಲೆ ಸಾಕ್ಷಿಯಾಯಿತು.

ಅತ್ತೆ ಮನೆಗೆ ಬಂದ ದಿನವೇ ಅಪ್ಪ ಸ್ಕೆಚ್ ಪೆನ್ನು ಹಿಡಿದು ಕುಳಿತು ಮನೆಯ ಪ್ರತಿ ಬಾಟಲಿಗೂ ಬಿಳಿ ಕಾಗದ ಅಂಟಿಸಿ ಕನ್ನಡದಲ್ಲಿ ಹೆಸರು ಬರೆದರು. ಎಣ್ಣೆ. ಫಿನಾಯಿಲ್. ಉಪ್ಪಿಗೂ ಬರೆದರು. ಹಲಗೆಯನ್ನು ಮತ್ತೆ ಯಾರೂ ಬಿಡಿಸಲಿಲ್ಲ, ಅದು ಎಲ್ಲಿ ಹೋಯಿತೆಂದು ಕೇಳಲೂ ಇಲ್ಲ. ಅತ್ತೆ ಅದರ ನಂತರ ಬಹಳ ವರ್ಷ ಬದುಕಿದಳು. ಆದರೆ ಊರಿಗೆ ಅವಳು ಮದ್ದು ಕುಡಿದ ಗಿರಿಜಕ್ಕ. ಅವಳು ನಮ್ಮ ಮನೆಯಲ್ಲಿ ಸುಖವಾಗಿಲ್ಲ ಎಂದು ನೆಂಟರು ಅಪ್ಪನ ಬೆನ್ನ ಹಿಂದೆ ಆಡಿಕೊಂಡರು. ಯಾವ ಮನೆಗೆ ಹೋದರೂ ಹೆಂಗಸರು ಅವಳೊಡನೆ ದನಿ ತಗ್ಗಿಸಿ, ಹುಷಾರಾಗಿ ಮಾತಾಡುತ್ತಿದ್ದರು. ಕಳೆದ ವರ್ಷ ಅವಳು ತೀರಿಕೊಂಡಾಗ, ಅವಳ ಹೆಣದ ಪಕ್ಕ ಕುಳಿತ ಒಬ್ಬರು ಇನ್ನೊಬ್ಬರಿಗೆ ಅದನ್ನೇ ಪಿಸುಗುಟ್ಟಿದರು. ಅವಳಾಗಿ ಕುಡಿಯಲಿಲ್ಲ ಎಂದು ನಾನು ಬರೆದದ್ದು ಇದೇ ಮೊದಲು.

ಹೇಳುವ ಅವಕಾಶ ಆಗಲೇ ಒಮ್ಮೆ ಬಂದಿತ್ತು. ಅತ್ತೆ ಆಸ್ಪತ್ರೆಯಿಂದ ಬಂದು ಮೂರು ವಾರವಾಗಿರಬೇಕು. ಅವಳ ಕೈ ಇನ್ನೂ ನಡುಗುತ್ತಿತ್ತು, ಆದರೂ ಜಗಲಿಯಲ್ಲಿ ಹೂವು ಕಟ್ಟಲು ಕುಳಿತಿದ್ದಳು. ಆಚೆ ಬದಿಯಲ್ಲಿ ಲಿಲ್ಲಿಬಾಯಿ, ಈಚೆ ನಾನು, ನಡುವೆ ಬಾಳೆಲೆಯ ಮೇಲೆ ಮೊಗ್ಗಿನ ರಾಶಿ. ಲಿಲ್ಲಿಬಾಯಿ ಬಹಳ ಹೊತ್ತು ತಡೆದುಕೊಂಡು ಕೊನೆಗೆ ಕೇಳಿಯೇ ಬಿಟ್ಟರು.

"ಬೇಜಾರು ಮಾಡ್ಬೇಡ ಗಿರಿಜಾ. ನನ್ನ ಹತ್ರ ಒಂದು ಮಾತು ಹೇಳ್ಬಹುದಿತ್ತು ಅಲ್ವಾ? ಅಷ್ಟು ಎಂತ ಆಗಿತ್ತು ನಿನಗೆ?"

ನಾನು ಮಂಡಿಯ ಮೇಲೆ ಅರ್ಧ ಎದ್ದೆ. ಈ ಸಲ ಮಾತು ನಾಲಗೆಯ ತುದಿಗೇ ಬಂದಿತ್ತು. ಅತ್ತೆ ತಲೆ ಎತ್ತದೆ, ಎಲೆಯ ಕೆಳಗಿನಿಂದ ಕೈ ತಂದು ನನ್ನ ತೊಡೆಯನ್ನು ನೋವಾಗುವಷ್ಟು ಬಲವಾಗಿ ಒತ್ತಿ ಹಿಡಿದಳು.

"ಬದುಕಿ ಬಂದೆ ಅಲ್ವಾ ಲಿಲ್ಲಿ, ಇನ್ನೆಂತ? ಹೊತ್ತಾಯ್ತು, ಕಟ್ಟು. ಶೈಲಾ, ನಾರು ಕೊಡು."

ನಾನು ಕುಳಿತು ನಾರು ಕೊಟ್ಟೆ.